ಹದಿನೇಳನೆಯ ಪೈಲ್ವಾನ

ಒಂದೇ ಕಾರ್ಡಿಗೆ ಅಂಬುಜಾಕ್ಷಿ ಎರಡು ಸಲ ಎರಡು ಬೇರೆ ದರ್ಜೆ ಕೊಟ್ಟಿದ್ದಾರೆ ಎಂಬ ದೂರು ಮೈಸೂರಿನ ಕಾರ್ಡು ಪರೀಕ್ಷಾಲಯಕ್ಕೆ ಬಂದದ್ದು ಜೂನ್ ತಿಂಗಳ ಮೊದಲ ಸೋಮವಾರ. ಮೂವತ್ತು ವರ್ಷದ ಕೆಲಸದಲ್ಲಿ ಅವರ ಮೇಲೆ ಬಂದ ಮೊದಲ ದೂರು ಅದು.

ಯಾದವಗಿರಿಯ ಇಳಿಜಾರಿನಲ್ಲಿದ್ದ ಆ ಪರೀಕ್ಷಾಲಯಕ್ಕೆ ದೇಶದ ಮೂಲೆಮೂಲೆಯಿಂದ ಹಳೆಯ ಕಾರ್ಡುಗಳು ಬರುತ್ತಿದ್ದವು. ಬಬಲ್‌ಗಮ್ ಜೊತೆ ಸಿಗುತ್ತಿದ್ದ ಕ್ರಿಕೆಟ್ ಆಟಗಾರರು, ಬಿಸ್ಕತ್ತಿನ ಪೊಟ್ಟಣದಲ್ಲಿ ಬರುತ್ತಿದ್ದ ಹಾಕಿ ಆಟಗಾರರು, ಚಹಾಪುಡಿಯ ಪೊಟ್ಟಣದೊಳಗಿನ ಪೈಲ್ವಾನರು. ಒಂದು ಕಾಲಕ್ಕೆ ಮಕ್ಕಳು ಚಡ್ಡಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ ಆ ರಟ್ಟಿನ ಚೂರುಗಳನ್ನು ಈಗ ದೊಡ್ಡವರು ಬೀರುವಿನಲ್ಲಿ ಬೀಗ ಹಾಕಿ ಇಡುತ್ತಿದ್ದರು. ಯಾವ ಕಾರ್ಡು ಎಷ್ಟು ಚೆನ್ನಾಗಿ ಉಳಿದಿದೆ ಎಂದು ನೋಡಿ ಒಂದರಿಂದ ಹತ್ತರವರೆಗೆ ದರ್ಜೆ ಕೊಡುವುದು ಪರೀಕ್ಷಾಲಯದ ಕೆಲಸ. ನೋಡುವುದು ನಾಲ್ಕೇ ಸಂಗತಿ. ಮೂಲೆಗಳು ಚೂಪಾಗಿವೆಯೇ, ಅಂಚು ಸವೆದಿದೆಯೇ, ಮೈಮೇಲೆ ಗೀರು ಮಡಿಕೆಗಳಿವೆಯೇ, ಚಿತ್ರ ನಟ್ಟನಡುವೆ ಅಚ್ಚಾಗಿದೆಯೇ. ಕಾರ್ಡು ಯಾರದು ಎಂದು ಪರೀಕ್ಷಕರಿಗೆ ಹೇಳುತ್ತಿರಲಿಲ್ಲ. ದರ್ಜೆ ಬರೆದ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಕವಚದೊಳಗೆ ಕಾರ್ಡನ್ನು ಮುಚ್ಚಿ, ಮೇಲೆ ಸಂಖ್ಯೆ ಅಚ್ಚೊತ್ತಿ ಕಳಿಸುತ್ತಿದ್ದರು. ಅಲ್ಲಿಂದ ಮುಂದೆ ಯಾರೂ ಕಾರ್ಡನ್ನು ನೋಡುತ್ತಿರಲಿಲ್ಲ, ಸಂಖ್ಯೆಯನ್ನೇ ನೋಡುತ್ತಿದ್ದರು.

ದೂರು ಹದಿನೇಳನೆಯ ಪೈಲ್ವಾನನ ಬಗ್ಗೆ. 1974ರಲ್ಲಿ ಏಳುಕುದುರೆ ಚಹಾ ಎಂಬ ಸಣ್ಣ ಕಂಪನಿ ಮೈಸೂರು ಸೀಮೆಯ ಮೂವತ್ತಾರು ಕುಸ್ತಿಪಟುಗಳ ಕಾರ್ಡು ಹೊರಡಿಸಿತ್ತು. ಅವರಲ್ಲಿ ಹದಿನೇಳನೆಯವನು ಕೆಸರೆ ಮರಿನಾಯ್ಕ. ಕೆಂಪು ಲಂಗೋಟಿ, ಎಣ್ಣೆ ಮೀಸೆ, ತೊಡೆ ತಟ್ಟಲು ಎತ್ತಿದ ಕೈ. ಒಂಬತ್ತು ವರ್ಷದ ಹಿಂದೆ ಅಂಬುಜಾಕ್ಷಿ ಆ ಕಾರ್ಡಿಗೆ ನಾಲ್ಕು ಕೊಟ್ಟಿದ್ದರು. ಎಡಭುಜದಿಂದ ಬಲತೊಡೆಯವರೆಗೆ ಮಡಿಕೆ, ಬಣ್ಣ ಬಿರುಕು ಬಿಟ್ಟಿದೆ, ಕೆಳಗಿನ ಒಂದು ಮೂಲೆ ಸವೆದಿದೆ ಎಂದು ಕಾರಣ ಬರೆದಿದ್ದರು. ಹೋದ ಮಾರ್ಚಿನಲ್ಲಿ ಅದೇ ಕಾರ್ಡು ಕವಚವಿಲ್ಲದೆ ಮತ್ತೆ ಅವರ ಮೇಜಿಗೆ ಬಂದಿತ್ತು. ಏಳು ಕೊಟ್ಟಿದ್ದರು. ಮೂಲೆ ಸವೆದಿದೆ ಎಂದಷ್ಟೇ ಬರೆದಿದ್ದರು. ಮಡಿಕೆಯ ಮಾತೇ ಇರಲಿಲ್ಲ.

ನಿರ್ದೇಶಕ ಬೋಪಯ್ಯ ಎರಡು ಸಲದ ಫೋಟೋಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

"ಕಾರ್ಡು ಒಂದೇ ಮೇಡಂ. ಕಿವಿ ಹತ್ತಿರ ಕೆಂಪು ಶಾಯಿ ಸಿಡಿದಿದೆ ನೋಡಿ, ಎರಡರಲ್ಲೂ ಅದೇ ಜಾಗ. ಅಚ್ಚಿನ ಚುಕ್ಕೆಗಳೂ ಒಂದಕ್ಕೊಂದು ಹೊಂದುತ್ತವೆ. ಆದ್ರೆ ಮಡಿಕೆ ಇಲ್ಲ."

ಅಂಬುಜಾಕ್ಷಿ ಬಹಳ ಹೊತ್ತು ನೋಡಿದರು. "ಯಾರೋ ದುರಸ್ತಿ ಮಾಡಿರಬೇಕು."

"ಹಾಗಿದ್ರೆ ಅದು ನಿಮ್ಮ ಕಣ್ಣಿಗೆ ಬೀಳಬೇಕಿತ್ತು. ದುರಸ್ತಿಯಾದ ಕಾರ್ಡಿಗೆ ದರ್ಜೆಯೇ ಕೊಡಬಾರದು ಅಂತ ನಿಯಮ ಬರೆದೋರೇ ನೀವು." ಬೋಪಯ್ಯ ದೂರಿನ ಪತ್ರವನ್ನು ಅವರ ಕಡೆ ಸರಿಸಿದರು. ಸಂಗ್ರಾಹಕರ ಸಂಘದ ಕಾರ್ಯದರ್ಶಿ ಧನಪಾಲ್ ಬರೆದದ್ದು. ಪರೀಕ್ಷಕರ ಕಣ್ಣು ಮಂಜಾಗಿರಬೇಕು, ಇಲ್ಲವೇ ಅವರು ಕಂಡೂ ಕಾಣದಂತೆ ಇದ್ದಿರಬೇಕು, ಎರಡರಲ್ಲಿ ಯಾವುದು ಎಂದು ತಿಳಿಸಿ ಎಂದು ಕೊನೆಯ ಸಾಲಿನಲ್ಲಿತ್ತು.

"ನಾನು ನಿಮ್ಮನ್ನ ಅನುಮಾನಿಸ್ತಿಲ್ಲ," ಎಂದರು ಬೋಪಯ್ಯ. "ಆದರೂ ವಿಚಾರಣೆ ಮುಗಿಯೋವರೆಗೆ ನೀವು ದರ್ಜೆ ಕೊಡೋ ಹಾಗಿಲ್ಲ. ಸಮದರ್ಶಿ ನೋಡಿ ಹೇಳಲಿ."

ಸಮದರ್ಶಿ ಎಂದರೆ ಹೊಸ ಯಂತ್ರ. ತಸ್ನೀಮ್ ಎಂಬ ವಿಜ್ಞಾನಿ ನಾಲ್ಕು ವರ್ಷ ಕೂತು ಕಟ್ಟಿದ್ದಳು. ಕಾರ್ಡಿನ ಮೇಲೆ ನಾಲ್ಕು ದಿಕ್ಕಿನಿಂದಲೂ ಬೆಳಕನ್ನು ಬಹಳ ಓರೆಯಾಗಿ ಹಾಯಿಸಿ, ಬೀಳುವ ನೆರಳುಗಳನ್ನು ಅಳೆದು, ರಟ್ಟಿನ ಮೈಯ ಏರುತಗ್ಗುಗಳನ್ನೆಲ್ಲ ಅದು ನಕ್ಷೆ ಮಾಡುತ್ತಿತ್ತು. ಕೂದಲೆಳೆಯ ಸಾವಿರದಲ್ಲೊಂದು ಭಾಗದ ತಗ್ಗು ಕೂಡ ಅದಕ್ಕೆ ಹಳ್ಳ. ಮನುಷ್ಯನ ದಣಿವು, ಬೇಸರ, ಮಧ್ಯಾಹ್ನದ ಊಟದ ಮಂಪರು ಯಾವುದೂ ಇಲ್ಲದೆ ಒಂದೇ ಕಾರ್ಡಿಗೆ ಎಂದಿಗೂ ಒಂದೇ ದರ್ಜೆ ಕೊಡಬೇಕು ಎಂಬ ಉದ್ದೇಶದಿಂದ ಅದನ್ನು ತಂದಿದ್ದರು. ಆಗಸ್ಟಿನಲ್ಲಿ ಅದು ಕೆಲಸ ಶುರು ಮಾಡಬೇಕಿತ್ತು. ಮೊದಲ ಕೆಲಸವೇ ಅಂಬುಜಾಕ್ಷಿಯನ್ನು ಪರೀಕ್ಷಿಸುವುದಾಯಿತು.

ಮನೆಯಲ್ಲಿ ಗಂಡ ಚಿದಂಬರ ಹುರುಳಿಕಾಯಿ ಹೆಚ್ಚುತ್ತಿದ್ದರು. ಶಾಲೆಯ ಡ್ರಿಲ್ ಮೇಷ್ಟರಾಗಿದ್ದವರು ನಿವೃತ್ತರಾದ ಮೇಲೆ ಅಡುಗೆಮನೆ ವಹಿಸಿಕೊಂಡಿದ್ದರು. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿ ಚಾಕು ಕೆಳಗಿಟ್ಟರು.

"ಆ ಮಡಿಕೆ ನಿನಗೆ ಕಾಣಲಿಲ್ವಾ?"

"ಕಂಡಿದ್ರೆ ಬರೀತಿದ್ದೆ. ಮಾರ್ಚಿನಲ್ಲಿ ಆ ಕಾರ್ಡು ನೋಡಿದ್ದು ಚೆನ್ನಾಗಿ ನೆನಪಿದೆ ರೀ. ಮೈ ನುಣ್ಣಗಿತ್ತು. ಬೆರಳಿಗೂ ಏನೂ ತಾಗಲಿಲ್ಲ."

"ಕಣ್ಣಿನ ಡಾಕ್ಟರ ಹತ್ತಿರ ಹೋಗಿಬರೋಣ."

ಮಾರನೆಯ ದಿನ ಹೋದರು. ವೈದ್ಯರು ಅರ್ಧಗಂಟೆ ಪರೀಕ್ಷೆ ಮಾಡಿ, ಐವತ್ತೆಂಟು ವರ್ಷಕ್ಕೆ ಇಷ್ಟು ಚೊಕ್ಕ ಕಣ್ಣು ಅಪರೂಪ ಎಂದರು. ಚಿದಂಬರ ದಾರಿಯುದ್ದಕ್ಕೂ ಹಗುರಾಗಿ ಮಾತಾಡುತ್ತ ಬಂದರು. ಅಂಬುಜಾಕ್ಷಿಗೆ ಮಾತ್ರ ಅದು ಹಗುರೆನಿಸಲಿಲ್ಲ. ಕಣ್ಣು ಕೆಟ್ಟಿದೆ ಎಂದಿದ್ದರೆ ಅದೊಂದು ಉತ್ತರವಾಗುತ್ತಿತ್ತು. ಧನಪಾಲರ ಪತ್ರದಲ್ಲಿದ್ದ ಎರಡರಲ್ಲಿ ಒಂದು ಅಳಿಸಿಹೋಯಿತು. ಉಳಿದದ್ದು ಇನ್ನೊಂದೇ.

ಆ ರಾತ್ರಿ ಊಟಕ್ಕೆ ಕೂತಾಗ ಅವರು ತಟ್ಟೆಯನ್ನೇ ನೋಡುತ್ತ ಕೇಳಿದರು. "ನಾನು ಎಷ್ಟು ಕಾರ್ಡು ನೋಡಿರಬಹುದು, ಮೂರು ಲಕ್ಷ? ಅದರಲ್ಲಿ ಎಷ್ಟು ಜನಕ್ಕೆ ಅನ್ಯಾಯ ಮಾಡಿದೀನಿ ಅಂತ ಈಗ ಹೇಗೆ ಗೊತ್ತಾಗೋದು?"

ಚಿದಂಬರ ಸಾರು ಬಡಿಸಿದರು.

ಎರಡು ವಾರ ಕಳೆದ ಮೇಲೆ ತಸ್ನೀಮ್ ಫೋನ್ ಮಾಡಿದಳು. "ಮೇಡಂ, ಬೋಪಯ್ಯ ಸರ್‌ಗೆ ಹೇಳೋಕೆ ಮೊದಲು ನಿಮಗೆ ತೋರಿಸಬೇಕು. ಬರ್ತೀರಾ?"

ಪ್ರಯೋಗಾಲಯದ ಕಿಟಕಿಗಳಾಚೆ ಮುಂಗಾರಿನ ಮೋಡ ಕವಿದಿತ್ತು. ತಸ್ನೀಮ್ ಒಂದು ಪಟ್ಟಿ ಹಿಡಿದು ಕೂತಿದ್ದಳು. ಜನ ಹೆಚ್ಚಿನ ದರ್ಜೆಯ ಆಸೆಗೆ ಕವಚ ಒಡೆದು ಕಾರ್ಡನ್ನು ಮತ್ತೆ ಕಳಿಸುವುದು ಆ ಲೋಕದ ಹಳೆಯ ಅಭ್ಯಾಸ. ಹಾಗೆ ಅಂಬುಜಾಕ್ಷಿಗೇ ತಿಳಿಯದಂತೆ ಎರಡು ಸಲ ಅವರ ಕೈಗೆ ಬಂದ ಕಾರ್ಡುಗಳನ್ನೆಲ್ಲ ಅವಳು ದಾಖಲೆಯಿಂದ ಹೆಕ್ಕಿದ್ದಳು.

"ಒಟ್ಟು ಇನ್ನೂರ ಹನ್ನೆರಡು. ಅದರಲ್ಲಿ ಇನ್ನೂರ ಮೂರಕ್ಕೆ ನೀವು ಎರಡು ಸಲಾನೂ ಒಂದೇ ದರ್ಜೆ ಕೊಟ್ಟಿದೀರಿ. ಹತ್ತು ಹದಿನೈದು ವರ್ಷದ ಅಂತರದಲ್ಲಿ. ನಾನು ನಂಬಲಿಲ್ಲ, ಮೂರು ಸಲ ಲೆಕ್ಕ ಹಾಕಿದೆ."

ಅಂಬುಜಾಕ್ಷಿ ಪಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು. "ಉಳಿದ ಒಂಬತ್ತು?"

"ಒಂಬತ್ತೂ ಏಳುಕುದುರೆ ಚಹಾದ ಪೈಲ್ವಾನರು. ಒಂದರ ದರ್ಜೆಯೂ ಇಳಿದಿಲ್ಲ. ಎಲ್ಲವೂ ಏರಿವೆ."

ತಸ್ನೀಮ್ ಎದ್ದು ಹದಿನೇಳನೆಯ ಪೈಲ್ವಾನನನ್ನು ತೋರಿಸಿದಳು. ವಿಚಾರಣೆಗೆಂದು ಕವಚ ತೆಗೆದು ಅವನನ್ನು ಸಮದರ್ಶಿಯ ತಟ್ಟೆಯ ಮೇಲೆ ಮಲಗಿಸಿದ್ದರು. "ಮೊದಲು ಅಂಟು ಹುಡುಕಿದೆ. ಇಲ್ಲ. ಹೊಸ ಬಣ್ಣ ಹುಡುಕಿದೆ. ಅದೂ ಇಲ್ಲ. ಆಮೇಲೆ ದರ್ಜೆ ಅಳೆದೆ. ಮೊದಲ ಸೋಮವಾರ ಆರು ಪಾಯಿಂಟ್ ಎಂಟು ಬಂತು. ಗುರುವಾರ ಆರು ಪಾಯಿಂಟ್ ಒಂಬತ್ತು. ಈ ಸೋಮವಾರ ಏಳು ಪಾಯಿಂಟ್ ಒಂದು. ನಾಲ್ಕು ವರ್ಷ ಕಷ್ಟಪಟ್ಟು ಕಟ್ಟಿದ ಯಂತ್ರ ಹಾಳಾಯ್ತು ಅಂತ ಎರಡು ದಿನ ಊಟ ಸೇರಲಿಲ್ಲ ಮೇಡಂ. ಎಂದೂ ಬದಲಾಗದ ಅಳತೆಯ ಗಾಜು ಇಟ್ಟು ನೋಡಿದೆ. ಗಾಜಿಗೆ ಪ್ರತಿಸಲವೂ ಒಂದೇ ಉತ್ತರ. ಯಂತ್ರ ಸರಿಯಾಗಿದೆ."

"ಹಾಗಾದ್ರೆ?"

"ನೀವೇ ನೋಡಿ."

ಪರದೆಯ ಮೇಲೆ ಮೊದಲಿಗೆ ಮರಿನಾಯ್ಕನ ಎದೆ ಕಂಡಿತು. ತಸ್ನೀಮ್ ಹತ್ತಿರ ಹತ್ತಿರ ಹೋದಂತೆ ಎದೆ ಮರೆಯಾಗಿ ಬಣ್ಣದ ಚುಕ್ಕೆಗಳು ಬಂದವು. ಚುಕ್ಕೆಗಳು ಚದುರಿ ನಾರುಗಳು ಬಂದವು. ನಾರುಗಳ ನಡುವೆ ಒಂದು ಕಣಿವೆ ಓರೆಯಾಗಿ ಹಾದುಹೋಗಿತ್ತು. ಅದೇ ಮಡಿಕೆ. ಅದು ಅಲ್ಲಿಯೇ ಇತ್ತು, ಬರಿಗಣ್ಣಿಗೆ ಕಾಣದಷ್ಟು ಕಿರಿದಾಗಿ. ಕಣಿವೆಯ ಒಂದು ದಡದಿಂದ ಇನ್ನೊಂದು ದಡಕ್ಕೆ ಬೆಳ್ಳಗಿನ ಎಳೆಗಳು ಹಾಯ್ದಿದ್ದವು. ಒಂದಲ್ಲ, ಹತ್ತಲ್ಲ. ಮಗ್ಗಕ್ಕೆ ಹೂಡಿದ ಹಾಸಿನಂತೆ ಒತ್ತೊತ್ತಾಗಿ, ಸಾವಿರಾರು.

"ಇದು ಮೊದಲ ಸೋಮವಾರದ ಚಿತ್ರ," ಎಂದಳು ತಸ್ನೀಮ್. ಗುಂಡಿ ಒತ್ತಿದಳು. "ಇದು ಇವತ್ತಿನದು."

ಎಳೆಗಳು ದಟ್ಟವಾಗಿದ್ದವು. ಎರಡು ದಡಗಳು ಒಂದಕ್ಕೊಂದು ಹತ್ತಿರ ಸರಿದಿದ್ದವು.

ಅಂಬುಜಾಕ್ಷಿ ಪರದೆಯ ಹತ್ತಿರಕ್ಕೆ ಬಾಗಿದರು. ಮೂವತ್ತು ವರ್ಷ ರಟ್ಟು ಸವೆಯುವುದನ್ನು, ಹರಿಯುವುದನ್ನು, ಹಳದಿಯಾಗುವುದನ್ನು ನೋಡಿದ್ದ ಹೆಂಗಸು ಅವರು. ಎಲ್ಲ ಕಾರ್ಡೂ ಒಂದೇ ದಿಕ್ಕಿಗೆ ಸಾಗುತ್ತದೆ ಎನ್ನುವುದು ಅವರ ಕಸುಬಿನ ಬುಡ. ಈ ಕಾರ್ಡು ಹಿಂದಕ್ಕೆ ನಡೆಯುತ್ತಿತ್ತು.

"ತಾನಾಗೇ ಕೂಡಿಕೊಳ್ತಿದೆ," ಎಂದರು ಮೆಲ್ಲಗೆ.

"ಹೌದು ಮೇಡಂ. ಯಂತ್ರ ತಪ್ಪಿಲ್ಲ, ನೀವೂ ತಪ್ಪಿಲ್ಲ. ಒಂಬತ್ತು ವರ್ಷದ ಹಿಂದಿನ ನಾಲ್ಕೂ ನಿಜ, ಮಾರ್ಚಿನ ಏಳೂ ನಿಜ."

ಆದರೆ ಅಷ್ಟರಿಂದ ಯಾರೂ ಒಪ್ಪುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ದರ್ಜೆ ಏರಿದ ಒಂಬತ್ತು ಕಾರ್ಡುಗಳ ಮಾಲೀಕರ ವಿಳಾಸ ತೆಗೆದು ನೋಡಿದರು. ನಾಲ್ಕು ಮಂಗಳೂರು, ಎರಡು ಕಾರವಾರ, ಒಂದು ಹೊನ್ನಾವರ, ಒಂದು ಮಡಿಕೇರಿ. ಎಲ್ಲವೂ ಗಾಳಿಯಲ್ಲಿ ನೀರಿರುವ ಊರುಗಳು. ಬಳ್ಳಾರಿ ಮತ್ತು ಕಲಬುರಗಿಯಿಂದ ಎರಡು ಸಲ ಬಂದಿದ್ದ ಪೈಲ್ವಾನರ ಮಡಿಕೆಗಳು ಇದ್ದಂತೆಯೇ ಇದ್ದವು. ತೇವಕ್ಕೂ ಇದಕ್ಕೂ ಸಂಬಂಧವಿದೆ ಎಂದಾಯಿತು. ಆದರೆ ಒಂಬತ್ತನೆಯದು, ಎಲ್ಲಕ್ಕಿಂತ ಹೆಚ್ಚು ಏರಿದ ಹದಿನೇಳನೆಯ ಪೈಲ್ವಾನ, ಅಷ್ಟೇನೂ ತೇವವಿಲ್ಲದ ಮೈಸೂರಿನ ಕೆಸರೆಯಿಂದಲೇ ಬಂದಿತ್ತು.

ಮರುದಿನ ಬೆಳಿಗ್ಗೆ ಇಬ್ಬರೂ ಕೆಸರೆಗೆ ಹೋದರು. ಮಾಲೀಕಳ ಹೆಸರು ಜವರಮ್ಮ. ವಯಸ್ಸು ಅರವತ್ತಾರು. ಗರಡಿಮನೆಯ ಎದುರು ತನ್ನ ಮನೆಯ ಮುಂಭಾಗದಲ್ಲೇ ಇಡ್ಲಿ ಹೋಟೆಲು ನಡೆಸುತ್ತಿದ್ದಳು. ಪರೀಕ್ಷಾಲಯದವರು ಎಂದು ತಿಳಿದ ಕೂಡಲೇ ಅವಳ ಮುಖ ಬಿಗಿಯಿತು.

"ಅದೇನೋ ಮೋಸ ಮಾಡಿದೀನಿ ಅಂತ ಸಂಘದೋರು ಕಾಗ್ದ ಕಳ್ಸವ್ರೆ. ಗರಡಿಮನೆಗೆ ನನ್ನ ಕಾರ್ಡೆಲ್ಲ ಕೊಟ್ಬುಡನ ಅಂತಿದ್ದೆ. ಅವ್ರು ಸರ್ಟಿಪಿಕೇಟ್ ಕೇಳುದ್ರು, ಅದ್ಕೇ ಮಾರ್ಚಲ್ಲಿ ನಿಮ್ಗೆ ಇನ್ನೊಂದ್ಸಲ ಕಳ್ಸಿದ್ದು. ಈಗ ಗರಡಿ ಯಜಮಾನ್ರೂ ಬ್ಯಾಡ ಅಂತವ್ರೆ. ನಾನೇನ್ ಮಾಡಿದೀನಿ, ನೀವೇ ಏಳಿ."

"ಮೋಸ ನೀವು ಮಾಡಿಲ್ಲ ಅಂತ ತೋರಿಸೋಕೇ ಬಂದಿರೋದು," ಎಂದರು ಅಂಬುಜಾಕ್ಷಿ. "ಆ ಮಾತು ನನ್ನ ಮೇಲೂ ಇದೆ ತಾಯಿ. ಆ ಕಾರ್ಡಿಗೆ ದರ್ಜೆ ಕೊಟ್ಟವಳು ನಾನೇ."

ಜವರಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಸ್ಟೂಲು ಎಳೆದು ಹಾಕಿದಳು. "ಕೂತ್ಕಳಿ. ತಿಂಡಿ ತಿಂದು ಮಾತಾಡುವ್ರಂತೆ."

ಇಡ್ಲಿ ಪಾತ್ರೆಯ ಹಬೆ ಚಾವಣಿವರೆಗೆ ಏರುತ್ತಿತ್ತು. ಒಲೆಯ ಮೇಲ್ಗಡೆ ಗೋಡೆಗೆ ಬಡಿದ ಹಲಗೆಯಲ್ಲಿ ಹತ್ತು ಪೈಲ್ವಾನರು ಸಾಲಾಗಿ ನಿಂತಿದ್ದರು, ನಡುವೆ ಒಂದು ಜಾಗ ಖಾಲಿ. ತಸ್ನೀಮ್ ಅದನ್ನು ನೋಡಿ ಅಂಬುಜಾಕ್ಷಿಯ ಮೊಣಕೈ ಮುಟ್ಟಿದಳು.

"ಮರಿನಾಯ್ಕನ್ನೂ ಅಲ್ಲೇ ಇಟ್ಟಿದ್ರಾ?" ಎಂದು ಕೇಳಿದಳು.

"ಊಂ. ನಿಮ್ ಪ್ಲಾಸ್ಟಿಕ್ ಡಬ್ಬಿ ದಪ್ಪ, ಅಲ್ಗೆ ಮೇಲೆ ಕೂರ್ನಿಲ್ಲ. ಒಡ್ದಾಕ್ಬುಟ್ಟು ಇವ್ರ ಜೊತೆಗೇ ಮಡಗ್ದೆ. ಎಂಟೊಂಬತ್ ವರ್ಸ ಆಯ್ತು."

"ಮಡಿಕೆ ಹೋಗಿದ್ದು ನಿಮಗೆ ಗೊತ್ತಾಗಲಿಲ್ವಾ?"

"ಗೊತ್ತಾಯ್ತು. ಅಬೆಗೆ ಇಸ್ತ್ರಿ ಆದಂಗಾಯ್ತು ಅಂದ್ಕಂಡೆ. ಚಿಕ್ಕೋಳಿದ್ದಾಗ ನಮ್ಮಣ್ಣನೂ ನಾನೂ ಕಿತ್ತಾಡಿ ಅದ್ನ ಮಡಿಚಾಕಿದ್ವಿ. ಓಯ್ತಲ್ಲ, ಬುಡು ಅಂದ್ಕಂಡೆ."

ಬೆಳಿಗ್ಗೆ ಐದರಿಂದ ಹತ್ತರವರೆಗೆ ಹಬೆ, ಆಮೇಲೆ ಒಲೆ ಆರಿಸಿದರೆ ಸಂಜೆಯವರೆಗೆ ಒಣಗಾಳಿ. ಪ್ರತಿದಿನ. ತಸ್ನೀಮ್ ಅದನ್ನೆಲ್ಲ ಬರೆದುಕೊಂಡಳು. ಆಮೇಲೆ ಆ ಕಾರ್ಡುಗಳನ್ನು ಎಲ್ಲಿ ಮಾಡುತ್ತಿದ್ದರು, ಹೇಗೆ ಮಾಡುತ್ತಿದ್ದರು, ಏನಾದರೂ ಗೊತ್ತೇ ಎಂದು ಕೇಳಿದಳು.

"ಅಯ್ಯೋ, ಗೊತ್ತಿಲ್ದೆ ಏನು. ಈ ಬೀದಿ ಹಿಂದ್ಗಡೇನೇ. ನಮ್ಮತ್ತೆ ಅಲ್ಲೇ ಕೆಲ್ಸಕ್ಕೆ ಓಗ್ತಿದ್ಲು. ತೆಳ್ಳಗಿನ ಕಾಗ್ದ ಮೂರು ಒಂದ್ರ ಮೇಲೊಂದು ಅಂಟ್ಸಿ ರಟ್ಟು ಮಾಡೋರು. ಅಂಟು ಅಂದ್ರೆ ಉಣ್ಸೆಬೀಜದ ಗಂಜಿ. ತೊಟ್ಟೀಲಿ ಒಂದ್ ವಾರ ಉಳಿ ಬರ್ಸೋರು. ಅದ್ರ ಮೇಲೆ ಕೆನೆ ತರ ಪೊರೆ ಕಟ್ಟೋದು. ತೆಗ್ದು ಎಸೀಬ್ಯಾಡ, ಕಲ್ಸು, ಅಂಟು ಗಟ್ಟಿ ಬತ್ತದೆ ಅಂತ ಮೇಸ್ತ್ರಿ ಏಳೋನಂತೆ."

ತಸ್ನೀಮ್ ಕೈಯಲ್ಲಿದ್ದ ಇಡ್ಲಿಯನ್ನು ತಟ್ಟೆಗೆ ಇಟ್ಟುಬಿಟ್ಟಳು. "ಪೊರೆ ಕಟ್ತಿತ್ತಾ?"

ಕಾರಿನಲ್ಲಿ ಹಿಂತಿರುಗುವಾಗ ಅವಳು ಅಂಬುಜಾಕ್ಷಿಗೆ ವಿವರಿಸಿದಳು. ಹುಳಿಯಾಗುವ ದ್ರವದ ಮೇಲೆ ಪೊರೆ ಕಟ್ಟುವುದು ಒಂದು ಜಾತಿಯ ಬ್ಯಾಕ್ಟೀರಿಯ. ಅದು ಗಂಜಿಯನ್ನು ತಿಂದು ಎಳೆ ನೂಲುತ್ತದೆ. ಆ ಎಳೆ ಶುದ್ಧ ಸೆಲ್ಯುಲೋಸ್, ಅಂದರೆ ಕಾಗದ ಯಾವುದರಿಂದ ಆಗಿದೆಯೋ ಅದೇ. ಕೆಸರೆಯ ತೊಟ್ಟಿಯಲ್ಲಿದ್ದದ್ದು ಯಾವುದೋ ಗಟ್ಟಿ ತಳಿ ಇರಬೇಕು. ಗಂಜಿಯ ಜೊತೆ ರಟ್ಟಿನೊಳಗೆ ಸೇರಿ, ಒಣಗಿ, ನಿದ್ದೆ ಹೋಗಿದೆ. ರಟ್ಟು ಬಿರಿದ ಕಡೆಯಲ್ಲಿ ಮಾತ್ರ ಗಂಜಿ ಗಾಳಿಗೆ ತೆರೆದುಕೊಳ್ಳುತ್ತದೆ. ತೇವ ತಾಗಿದಾಗ ಅದು ಎದ್ದು ಬಿರುಕಿಗೆ ಅಡ್ಡಲಾಗಿ ನೂಲುತ್ತದೆ. ಗಾಳಿ ಒಣಗಿದಾಗ ಎಳೆ ಮುದುರಿ ಎರಡು ದಡಗಳನ್ನೂ ಹತ್ತಿರ ಎಳೆಯುತ್ತದೆ. ಬಣ್ಣ ಹೊಸದಾಗಿ ಹುಟ್ಟುವುದಿಲ್ಲ, ಸೀಳಿದ ಬಣ್ಣ ಮತ್ತೆ ಕೂಡುತ್ತದೆ ಅಷ್ಟೆ. ಸವೆದು ಉದುರಿಹೋದ ಮೂಲೆ ಅದಕ್ಕೇ ಸವೆದಂತೆಯೇ ಉಳಿದಿದೆ.

"ಐವತ್ತೆಂಟು ವರ್ಷ," ಎಂದರು ಅಂಬುಜಾಕ್ಷಿ. ತಮ್ಮಷ್ಟೇ ವಯಸ್ಸಿನ ರಟ್ಟಿನೊಳಗೆ ಅಷ್ಟು ಕಾಲ ಏನೋ ಬದುಕಿತ್ತು ಎಂಬುದನ್ನು ಅವರ ಮನಸ್ಸು ಸುಲಭಕ್ಕೆ ನಂಬಲಿಲ್ಲ. ದಾರಿಯಲ್ಲಿ ಹನಿ ಶುರುವಾಯಿತು. ಅವರು ಕಿಟಕಿಯಾಚೆ ಕೈ ಚಾಚಿ ಒದ್ದೆಯಾದ ಅಂಗೈಯನ್ನು ನೋಡುತ್ತ ಕೂತರು.

ವಿಚಾರಣೆಯ ದಿನ ಬೋಪಯ್ಯ, ಧನಪಾಲ್, ಸಂಘದ ಇನ್ನಿಬ್ಬರು ಬಂದಿದ್ದರು. ಜವರಮ್ಮನನ್ನೂ ಕರೆಸಿದ್ದರು. ತಸ್ನೀಮ್ ಚಿತ್ರಗಳನ್ನು ತೋರಿಸಿ ಎಲ್ಲವನ್ನೂ ಹೇಳಿದಳು. ಧನಪಾಲ್ ಅರವತ್ತು ದಾಟಿದ, ಎಣಿಸಿ ಮಾತಾಡುವ ಮನುಷ್ಯ. ಕೊನೆಯವರೆಗೂ ಕೇಳಿ ಕನ್ನಡಕ ಒರೆಸಿಕೊಂಡರು.

"ಚಿತ್ರ ಚೆನ್ನಾಗಿದೆ. ಆದರೆ ಇದು ಆಗಿಹೋದದ್ದರ ಚಿತ್ರ. ಯಾರೋ ಜಾಣರು ಇಂಥ ಎಳೆಯನ್ನ ಹೊರಗಿನಿಂದ ತಂದು ಹಾಕಿರಬಹುದಲ್ಲ? ನಮ್ಮ ಕಣ್ಣೆದುರಿಗೆ ಮಡಿಕೆ ಬೀಳಬೇಕು. ನಮ್ಮ ಕಣ್ಣೆದುರಿಗೆ ಅದು ಹೋಗಬೇಕು."

ಅಂದರೆ ಒಂದು ಕಾರ್ಡನ್ನು ಬೇಕೆಂದೇ ಮಡಿಸಬೇಕು. ಏಳುಕುದುರೆ ಪೈಲ್ವಾನರ ಕಾರ್ಡು ದೇಶದಲ್ಲೆಲ್ಲ ಸೇರಿ ಉಳಿದದ್ದೇ ಸಾವಿರದ ಚಿಲ್ಲರೆ. ಅಂಥದೊಂದನ್ನು ಕೇಳುವುದು ಯಾರನ್ನು?

ಜವರಮ್ಮ ಸೆರಗಿನ ಗಂಟಿನಿಂದ ಒಂದು ಸಣ್ಣ ಪೊಟ್ಟಣ ಬಿಚ್ಚಿದಳು. ಇಪ್ಪತ್ತೆರಡನೆಯ ಪೈಲ್ವಾನ, ಒಂದು ಗೀರೂ ಇಲ್ಲದ್ದು. ಸಮದರ್ಶಿ ಅಳೆದಿದ್ದರೆ ಒಂಬತ್ತಕ್ಕೆ ಕಡಿಮೆ ಬರುತ್ತಿರಲಿಲ್ಲ. "ಇದ್ ತಕಳಿ."

"ತಾಯಿ, ಮಡಿಸಿದ ಮೇಲೆ ಸರಿಹೋಗದೆ ಇದ್ರೆ?" ಎಂದರು ಬೋಪಯ್ಯ.

"ಓದ್ರೆ ನಂದು ತಾನೆ." ಜವರಮ್ಮ ಕಾರ್ಡನ್ನು ಅಂಬುಜಾಕ್ಷಿಗೆ ಚಾಚಿದಳು. ಅಂಬುಜಾಕ್ಷಿ ಕೈ ಮುಂದೆ ಮಾಡಿ ಹಾಗೆಯೇ ಹಿಂದಕ್ಕೆ ತೆಗೆದುಕೊಂಡರು. ಮೂರು ಲಕ್ಷ ಕಾರ್ಡುಗಳನ್ನು ಅಂಚಿನಲ್ಲಷ್ಟೇ ಹಿಡಿದು ಕಲಿತ ಬೆರಳು ಅವು.

ಅದನ್ನು ನೋಡಿ ಜವರಮ್ಮ ತಾನೇ ಕಾರ್ಡನ್ನು ಎರಡಾಗಿ ಮಡಿಸಿ, ಹೆಬ್ಬೆರಳಿನಿಂದ ಒತ್ತಿ, ಬಿಚ್ಚಿ ಮೇಜಿನ ಮೇಲಿಟ್ಟಳು. ಬಣ್ಣ ಸೀಳಿ ನಡುವೆ ಬಿಳಿಯ ಗೆರೆ ಬಿದ್ದಿತ್ತು. ಧನಪಾಲ್ ಮುಖ ತಿರುಗಿಸಿಕೊಂಡರು.

ಗಾಜಿನ ಪೆಟ್ಟಿಗೆಯೊಂದರಲ್ಲಿ ಕಾರ್ಡನ್ನಿಟ್ಟು, ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಧನಪಾಲರಿಗೇ ಕೊಟ್ಟರು. ಒಳಗೆ ಬೆಳಿಗ್ಗೆ ಐದು ಗಂಟೆ ಕಾಲ ಬಿಸಿ ತೇವ, ಉಳಿದ ಹೊತ್ತು ಒಣಗಾಳಿ. ಜವರಮ್ಮನ ಅಡುಗೆಮನೆಯ ಹಾಗೆ. ಮೇಲಿನಿಂದ ಸಮದರ್ಶಿ ನೋಡುತ್ತಿತ್ತು.

ಮೊದಲ ನಾಲ್ಕು ದಿನ ಏನೂ ಆಗಲಿಲ್ಲ. ಐದನೆಯ ದಿನವೂ ಇಲ್ಲ. ಅಂಬುಜಾಕ್ಷಿ ಬೆಳಿಗ್ಗೆ ಹೋಗಿ ಪರದೆಯ ಮುಂದೆ ಕೂತು, ಮಧ್ಯಾಹ್ನ ಮನೆಗೆ ಬಂದು ಸುಮ್ಮನೆ ಮಲಗುತ್ತಿದ್ದರು. ಆರನೆಯ ದಿನ ಚಿದಂಬರ ತಟ್ಟೆಯನ್ನು ಅವರ ಮುಂದೆ ಇಟ್ಟು ಎದುರಿಗೇ ಕೂತರು.

"ಅಂಬು, ಅದು ಆಗಲಿಲ್ಲ ಅಂದ್ರೂ ನೀನು ಸುಳ್ಳು ಹೇಳಿದೋಳಲ್ಲ ಅಂತ ನನಗೆ ಗೊತ್ತು."

"ಅದಕ್ಕಲ್ಲ ರೀ." ಅವರು ಅನ್ನ ಕಲಸಿದರು. "ನಾವು ಅವನ್ನೆಲ್ಲ ಗಾಳಿಯಾಡದ ಹಾಗೆ ಮುಚ್ಚಿ ಕಳಿಸಿದೀವಿ. ಕಾಪಾಡ್ತಿದೀವಿ ಅಂದುಕೊಂಡು. ನಾಲ್ಕು ಅಂತ ಬರೆದು ಮುಚ್ಚಿದ್ದು ಎಂದೆಂದಿಗೂ ನಾಲ್ಕೇ ಆಗಿರಲಿ ಅಂತ ನಾವೇ ಮಾಡಿದ ಹಾಗಾಯ್ತಲ್ಲ. ತೆರೆದಿಟ್ಟೋರದು ಏಳಾಯ್ತು. ನಮ್ಮನ್ನ ನಂಬಿ ಮುಚ್ಚಿಟ್ಟೋರಿಗೆ ಏನು ಹೇಳೋದು?"

ಚಿದಂಬರ ಮೊಸರು ಬಡಿಸಿದರು. "ಬಿಚ್ಚಿ ಅಂತ ಹೇಳು," ಎಂದರು.

ಏಳನೆಯ ದಿನ ಬೆಳಿಗ್ಗೆ ಕಣಿವೆಯ ತಳದಲ್ಲಿ ಒಂದು ಎಳೆ ಕಂಡಿತು. ತಸ್ನೀಮ್ ಅದನ್ನು ದೂಳೆಂದುಕೊಂಡಳು. ಹತ್ತು ನಿಮಿಷದಲ್ಲಿ ಅದು ಉದ್ದವಾಗಿತ್ತು. ಅವಳು ಇನ್ನೂ ಹತ್ತಿರದ ಚಿತ್ರ ತೆಗೆದಾಗ ಎಳೆಯ ತುದಿಯಲ್ಲಿ ಅಕ್ಕಿನುಚ್ಚಿನ ಆಕಾರದ ಒಂದು ಜೀವ ಮೆಲ್ಲಗೆ ಹೊರಳುತ್ತ, ತನ್ನ ಹಿಂದೆ ಎಳೆ ಬಿಡುತ್ತ, ಆಚೆ ದಡದ ಕಡೆಗೆ ಸಾಗುವುದು ಕಂಡಿತು. ಅದರ ಹಿಂದೆ ಇನ್ನೊಂದು. ಪಕ್ಕದಲ್ಲಿ ಇನ್ನೂ ನಾಲ್ಕು. ಮಧ್ಯಾಹ್ನದ ಹೊತ್ತಿಗೆ ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ, ಮಡಿಕೆಯ ಉದ್ದಕ್ಕೂ, ಲಕ್ಷಗಟ್ಟಲೆ. ಯಾವುದೂ ದಾರಿ ತಪ್ಪುತ್ತಿರಲಿಲ್ಲ, ಯಾವುದಕ್ಕೂ ಅವಸರವಿರಲಿಲ್ಲ. ಪರೀಕ್ಷಾಲಯದ ಗುಮಾಸ್ತರು, ಕಾವಲುಗಾರ, ಕಾಫಿ ತರುವ ಹೆಂಗಸು, ಎಲ್ಲರೂ ಕೆಲಸ ಬಿಟ್ಟು ಪರದೆಯ ಮುಂದೆ ನಿಂತಿದ್ದರು. ಫೋನ್ ಮಾಡಿ ಕರೆಸಿದ ಧನಪಾಲ್ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಅಲ್ಲಿ ಚಪ್ಪಲಿ ಬಿಡುವ ಪದ್ಧತಿ ಇರಲಿಲ್ಲ.

ಹನ್ನೊಂದನೆಯ ದಿನ ಜವರಮ್ಮನನ್ನೂ ಕರೆಸಿ, ಧನಪಾಲರೇ ಬೀಗ ತೆಗೆದು ಕಾರ್ಡನ್ನು ಬೆಳಕಿಗೆ ಹಿಡಿದರು. ಬಿಳಿಯ ಗೆರೆ ಈಗ ಹುಡುಕಿದರೆ ಸಿಗುವ ಮಸುಕು ಮಾತ್ರ.

"ನಾನು ಬರೆದದ್ದನ್ನ ವಾಪಸ್ ತಗೋತೀನಿ," ಎಂದರು ಅಂಬುಜಾಕ್ಷಿಗೆ. ಆಮೇಲೆ ಜವರಮ್ಮನ ಕಡೆ ತಿರುಗಿ ಕೈಮುಗಿದರು. "ನಿಮಗೆ ಕಳಿಸಿದ ಕಾಗದವನ್ನೂ."

"ಗರಡಿ ಯಜಮಾನ್ರಿಗೂ ಒಂದ್ ಮಾತು ಏಳ್ಬುಡಿ," ಎಂದಳು ಜವರಮ್ಮ.

ಬೋಪಯ್ಯ ಅಂಬುಜಾಕ್ಷಿಗೆ ಅವರ ಮೇಜನ್ನು ಮರಳಿ ಕೊಟ್ಟರು. ಆದರೆ ಅಲ್ಲಿಗೆ ಪ್ರಶ್ನೆ ಮುಗಿಯಲಿಲ್ಲ. ಸಂಘದ ಕೆಲವರು ಈ ಜೀವವನ್ನು ಕೊಂದು, ಆಮೇಲೆ ದರ್ಜೆ ಕೊಡಿ ಎಂದರು. ಸಂಖ್ಯೆ ನಿಲ್ಲಬೇಕಾದರೆ ಕಾರ್ಡೂ ನಿಂತಿರಬೇಕು ಎಂಬುದು ಅವರ ವಾದ. ಅಂಬುಜಾಕ್ಷಿ ಎರಡು ದಿನ ಯೋಚಿಸಿ ಒಂದು ಪುಟದ ಸುತ್ತೋಲೆ ಬರೆದರು. ಏಳುಕುದುರೆ ಪೈಲ್ವಾನರಿಗೆ ಇನ್ನು ಮುಂದೆ ಕವಚವಿಲ್ಲ. ದರ್ಜೆಯ ಜೊತೆ ನೋಡಿದ ತಾರೀಖನ್ನೂ ಬರೆಯಲಾಗುವುದು, ಆ ದರ್ಜೆ ಆ ದಿನಕ್ಕೆ ಮಾತ್ರ. ಹಿಂದೆ ಮುಚ್ಚಿ ಕಳಿಸಿದ ಕಾರ್ಡುಗಳನ್ನು ಮಾಲೀಕರು ತಂದರೆ ನಾವೇ ಬಿಚ್ಚಿ, ಒಂದು ಮಳೆಗಾಲ ಪೂರ್ತಿ ನೋಡಿಕೊಂಡು, ಹಿಂದಿರುಗಿಸುತ್ತೇವೆ. ಎಲ್ಲರಿಗೂ ಅಷ್ಟೇ ಹಬೆ, ಅಷ್ಟೇ ಗಾಳಿ, ಅಷ್ಟೇ ದಿನ.

ಕಾರ್ಡುಗಳು ಬರತೊಡಗಿದವು. ಪ್ರಯೋಗಾಲಯದ ಹಜಾರದಲ್ಲಿ ಗಾಜಿನ ಪೆಟ್ಟಿಗೆಗಳ ಸಾಲು ಬೆಳೆಯಿತು. ಸೊಲ್ಲಾಪುರದಿಂದ, ಚೆನ್ನೈನಿಂದ, ರಾಯಚೂರಿನಿಂದ ಪೈಲ್ವಾನರು ಬಂದು ಮಲಗಿದರು. ಹಬೆ ಬಿಟ್ಟಾಗ ಹಜಾರವೆಲ್ಲ ಸಣ್ಣಗೆ ಹುಳಿಯ ವಾಸನೆ.

ಆಗಸ್ಟಿನ ಕೊನೆಗೆ ಧನಪಾಲ್ ಒಂದು ಕವಚ ಹಿಡಿದುಕೊಂಡು ಬಂದರು. ಅದರ ಮೇಲೆ ಒಂದು ಎಂಬ ಸಂಖ್ಯೆ ಇತ್ತು. ಒಳಗೆ ಮೂವತ್ತೊಂದನೆಯ ಪೈಲ್ವಾನ ಸೊಂಟದಲ್ಲಿ ಎರಡಾಗಿ ಹರಿದುಹೋಗಿದ್ದ. ಎರಡೂ ತುಂಡುಗಳನ್ನು ನಡುವೆ ಒಂದಿಷ್ಟು ಬಿಟ್ಟು ಮುಚ್ಚಲಾಗಿತ್ತು.

"ಹದಿನಾಲ್ಕು ವರ್ಷದ ಹಿಂದೆ ನೀವೇ ಕೊಟ್ಟ ದರ್ಜೆ," ಎಂದರು. "ನನ್ನ ತಂಗಿದು. ಅವಳು ಹೋದ ಮೇಲೆ ಅವಳ ಪುಸ್ತಕದೊಳಗೆ ಸಿಕ್ತು. ಇದಕ್ಕಿಂತ ಕಡಿಮೆ ದರ್ಜೆಯೇ ಇಲ್ಲ ಅಂತ ಗೊತ್ತಿತ್ತು, ಆದರೂ ಕಳಿಸಿದ್ದೆ. ಇದನ್ನೂ ಇಡ್ತೀರಾ?"

ತಸ್ನೀಮ್ ಇಲ್ಲವೆಂಬಂತೆ ತಲೆಯಾಡಿಸಿದಳು. "ಮಡಿಕೆ ಬೇರೆ ಸರ್. ಇಲ್ಲಿ ನಡುವೆ ಏನೂ ಇಲ್ಲ. ಪೂರ್ತಿ ಹರಿದದ್ದು ಕೂಡಿದ್ದನ್ನ ನಾನು ನೋಡಿಲ್ಲ."

"ಇಡೋಣ," ಎಂದರು ಅಂಬುಜಾಕ್ಷಿ.

ಕವಚ ಒಡೆದು, ಎರಡು ತುಂಡುಗಳನ್ನು ಅವರು ತಮ್ಮ ಕೈಯಾರೆ ಒಂದಕ್ಕೊಂದು ತಾಗಿಸಿ ಇಟ್ಟರು. ನಾರಿಗೆ ನಾರು ಎದುರಾಗುವಂತೆ ಇಡಲು ಒಂದು ಇಡೀ ಬೆಳಗು ಹಿಡಿಯಿತು. ಆಮೇಲೆ ಕಾದರು. ಧನಪಾಲ್ ದಿನಾ ಬಂದು ಒಂದು ಗಂಟೆ ಕೂತು ಹೋಗುತ್ತಿದ್ದರು. ಯಾವ ದಿನವೂ ಏನಾಯಿತೆಂದು ಕೇಳಲಿಲ್ಲ.

ಇಪ್ಪತ್ತಾರನೆಯ ದಿನ ತಸ್ನೀಮ್ ಪೆಟ್ಟಿಗೆ ತೆರೆದಳು. ಹರಿದ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಸೊಂಟದ ಒಂದು ಕಡೆ ಬಣ್ಣ ಶಾಶ್ವತವಾಗಿ ಹೋಗಿತ್ತು.

"ನೀವೇ ಎತ್ತಿ," ಎಂದರು ಅಂಬುಜಾಕ್ಷಿ, ಧನಪಾಲರಿಗೆ.

ಅವರು ಎರಡು ಬೆರಳಿನಿಂದ ಮೇಲಿನ ತುಂಡಿನ ಮೂಲೆಯನ್ನು ಹಿಡಿದು ಮೆಲ್ಲಗೆ ಎತ್ತಿದರು. ಕೆಳಗಿನ ತುಂಡೂ ಅದರ ಜೊತೆಗೇ ಎದ್ದು ಬಂತು. ಗಾಳಿಯಲ್ಲಿ ಪೈಲ್ವಾನ ಪೂರ್ತಿಯಾಗಿ, ತಲೆಯಿಂದ ಪಾದದವರೆಗೆ, ಒಂದೇ ಆಗಿ ನಿಂತಿದ್ದ.

ಅಂಬುಜಾಕ್ಷಿ ದಾಖಲೆ ಪುಸ್ತಕ ತೆರೆದು ತಾರೀಖು ಬರೆದರು. ದರ್ಜೆಯ ಜಾಗಕ್ಕೆ ಬಂದಾಗ ಲೇಖನಿ ನಿಂತಿತು. ಅವರು ತಲೆ ಎತ್ತಿ ನೋಡಿದರು.

"ಬೇಡ ಮೇಡಂ," ಎಂದರು ಧನಪಾಲ್, ಕಾರ್ಡಿನಿಂದ ಕಣ್ಣು ತೆಗೆಯದೆ. "ಇದಕ್ಕೆ ನಂಬರ್ ಬೇಡ. ಇನ್ನೊಂದು ಮಳೆಗಾಲ ನೋಡೋಣ."